ಶಾಸನವಿಲ್ಲದ ಕೋಟೆಗೆ ಕಾಲ ಹೇಳಿದ ಸಾರುವೆ ಮರ: ಐರ್ಲೆಂಡಿನ ಟ್ರಿಮ್‌ನಲ್ಲಿ ಒಂದು ದಿನ

ಟ್ರಿಮ್ ಕೋಟೆಯಲ್ಲಿ ಶಾಸನ ಇಲ್ಲ. ಐರ್ಲೆಂಡಿನಲ್ಲಿ ನಾರ್ಮನ್ನರು ಕಟ್ಟಿದ ಕೋಟೆಗಳಲ್ಲೆಲ್ಲ ದೊಡ್ಡದು ಇದೇ. ಸುಮಾರು 3 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಏಳೂವರೆ ಎಕರೆಯಷ್ಟು ಆವರಣ, ಪಕ್ಕದಲ್ಲಿ ಬಾಯ್ನ್ ನದಿ, ನಡುವೆ ಮೂರು ಮೀಟರಿನಷ್ಟು ದಪ್ಪ ಗೋಡೆಯ ದೈತ್ಯ ಗೋಪುರ. ಇಷ್ಟೆಲ್ಲ ಕಟ್ಟಿಸಿದವನು ಬಾಗಿಲವಾಡದ ಮೇಲೆ ತನ್ನ ಹೆಸರನ್ನೂ ಹಾಕಿಸಿಲ್ಲ, ಇಸವಿಯನ್ನೂ ಹಾಕಿಸಿಲ್ಲ. ಹಾಗಿದ್ದೂ ಇವತ್ತು ಈ ಗೋಪುರದ ಯಾವ ಭಾಗ ಯಾವಾಗ ಮೇಲೆದ್ದಿತು ಅನ್ನೋದನ್ನು ಬಹಳ ಹತ್ತಿರದ ಲೆಕ್ಕದಲ್ಲಿ ಹೇಳುತ್ತಾರೆ. ಅದು ಹೇಗೆ ಸಾಧ್ಯವಾಯಿತು ಅನ್ನೋದೇ ಈ ಬರಹದ ವಿಷಯ. ಶಾಸನ ಓದುವ ನಮಗೆ ಅದರಲ್ಲಿ ಕಲಿಯಬೇಕಾದ ಪಾಠ ಇದೆ ಅಂತ ನನ್ನ ಅನಿಸಿಕೆ.

ಕೆಲಸದ ಮೇಲೆ ಡಬ್ಲಿನ್‌ಗೆ ಹೋಗಿದ್ದಾಗ ಒಂದು ಶನಿವಾರ ಪೂರ್ತಿ ಬಿಡುವು ಸಿಕ್ಕಿತು. ದೊಡ್ಡ ಬಸ್ಸಿನ ಪ್ರವಾಸದಲ್ಲಿ ಒಂದೊಂದು ಕಡೆ ನಲವತ್ತು ನಿಮಿಷ ನಿಲ್ಲಿಸಿ ಹೊರಡಿಸಿಬಿಡುತ್ತಾರೆ. ಗೋಡೆ ಓದುವವರಿಗೆ ಅದು ಸಾಲದು. ಹಾಗಾಗಿ ಕಾರು ಓಡಿಸುತ್ತ ಇತಿಹಾಸವನ್ನೂ ಹೇಳುವ ಖಾಸಗಿ ಗೈಡ್ ಒಬ್ಬರನ್ನು ಇಡೀ ದಿನಕ್ಕೆ ಗೊತ್ತು ಮಾಡಿಕೊಂಡೆ. ಅರವತ್ತು ದಾಟಿದವರು, ಟ್ರಿಮ್ ಇರುವ ಮೀತ್ ಕೌಂಟಿಯವರೇ. ನಾನು ಕರ್ನಾಟಕದವನು, ಕಲ್ಲುಬರಹ ಓದುವ ಹುಚ್ಚು ಇದೆ ಅಂತ ಮೊದಲೇ ತಿಳಿಸಿದ್ದೆ. "ಹಾಗಾದರೆ ಮೊದಲು ನಿಮ್ಮ ಊರಿಗೆ ಸಂಬಂಧಪಟ್ಟ ಒಂದು ಬರಹ ತೋರಿಸಿ ಆಮೇಲೆ ಕೋಟೆಗೆ ಹೋಗೋಣ" ಅಂದರು.

ಮೊದಲು ಒಂದು ಪ್ರಶಸ್ತಿ

ಅವರು ಕರೆದುಕೊಂಡು ಹೋಗಿದ್ದು ಡಬ್ಲಿನ್ನಿನ ಪಶ್ಚಿಮಕ್ಕಿರುವ ಫೀನಿಕ್ಸ್ ಪಾರ್ಕಿಗೆ. ಅಲ್ಲಿ ವೆಲ್ಲಿಂಗ್ಟನ್ ಸ್ಮಾರಕ ನಿಂತಿದೆ. ವೆಲ್ಲಿಂಗ್ಟನ್ ಅಂದರೆ ಆರ್ಥರ್ ವೆಲ್ಲೆಸ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೈನ್ಯದಲ್ಲಿದ್ದವನು, ಬಿದ್ದ ಮೇಲೆ ಆ ಊರಿನ ಆಡಳಿತ ವಹಿಸಿಕೊಂಡವನು, ದರಿಯಾ ದೌಲತ್‌ನಲ್ಲಿ ವಾಸ ಮಾಡಿದವನು. ಅವನ ಅಣ್ಣ ರಿಚರ್ಡ್ ಆಗ ಗವರ್ನರ್ ಜನರಲ್. ಆ ಯುದ್ಧವನ್ನು ಹೂಡಿದ್ದೇ ಅವನು. ಈ ಮನೆತನದ ಬೇರು ಇರುವುದು ಟ್ರಿಮ್ ಹತ್ತಿರದ ಡಾಂಗನ್ ಎಂಬಲ್ಲಿ. ಭಾರತಕ್ಕೆ ಬರುವ ಮೊದಲು, 1790ರಿಂದ ಆರ್ಥರ್ ಐರಿಷ್ ಪಾರ್ಲಿಮೆಂಟಿನಲ್ಲಿ ಟ್ರಿಮ್‌ನ ಪ್ರತಿನಿಧಿಯಾಗಿದ್ದ. ಟ್ರಿಮ್ ಕೋಟೆಯೂ ಒಂದು ಕಾಲಕ್ಕೆ ವೆಲ್ಲೆಸ್ಲಿ ಮನೆತನದ ಕೈಯಲ್ಲೇ ಇತ್ತು.

ಸ್ಮಾರಕ ಸುಮಾರು 62 ಮೀಟರ್ ಎತ್ತರದ ಕಲ್ಲಿನ ಸೂಜಿಗಂಬ. ಕೆಲಸ ಶುರುವಾಗಿದ್ದು 1817ರಲ್ಲಿ, ಮುಗಿದಿದ್ದು 1861ರಲ್ಲಿ. ಬುಡದ ನಾಲ್ಕು ಮುಖಗಳಲ್ಲಿ ಕಂಚಿನ ಫಲಕಗಳಿವೆ. ವಾಟರ್‌ಲೂ ಯುದ್ಧದಲ್ಲಿ ಹಿಡಿದ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದದ್ದಂತೆ. ಒಂದು ಫಲಕದಲ್ಲಿ ಭಾರತದ ಯುದ್ಧಗಳ ಚಿತ್ರಣ, ಒಂದರಲ್ಲಿ ವಾಟರ್‌ಲೂ, ಒಂದರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ವಿಷಯ, ಇನ್ನೊಂದರಲ್ಲಿ ಪದ್ಯರೂಪದ ಬರಹ. ಏಷ್ಯಾ, ಯುರೋಪ್ ಎರಡೂ ಈ ವೀರನಿಂದ ಉಳಿದವು, ಅವೇ ಇವನ ಕೀರ್ತಿಯನ್ನು ಸಾರುತ್ತಿವೆ ಅನ್ನುವ ಧಾಟಿಯಲ್ಲಿ ಅದು ಸಾಗುತ್ತದೆ. ನಮ್ಮ ಚಾಲುಕ್ಯ, ಹೊಯ್ಸಳ ಶಾಸನಗಳ ಪ್ರಶಸ್ತಿ ಭಾಗ ಓದಿದವರಿಗೆ ಈ ಧಾಟಿ ಹೊಸದೇನಲ್ಲ. ಅಲ್ಲಿ ಸಪ್ತಸಮುದ್ರ, ಇಲ್ಲಿ ಎರಡು ಖಂಡ, ಅಷ್ಟೇ. ಆದರೆ "ಏಷ್ಯಾ" ಅನ್ನೋ ಒಂದೇ ಪದದೊಳಗೆ ಶ್ರೀರಂಗಪಟ್ಟಣದ ಒಡೆದ ಗೋಡೆ, ಸತ್ತವರು, ಲೂಟಿ ಎಲ್ಲವೂ ಮುದುರಿ ಕೂತಿದೆ. ಉಳಿಸಿದ ಅಂತ ಹೇಳುತ್ತಿರುವವರು ಯಾರು, ಉಳಿದವರು ಯಾರು ಅನ್ನೋದನ್ನು ಫಲಕ ಹೇಳುವುದಿಲ್ಲ.

ಗೈಡ್ ಒಂದೇ ಮಾತು ಹೇಳಿದರು: "ಇದು ಹೆಸರಿರುವ ಕಲ್ಲು. ಈಗ ಹೆಸರಿಲ್ಲದ ಕಲ್ಲಿಗೆ ಹೋಗೋಣ."

ಬರಹ ಹೇಳುವ ಟ್ರಿಮ್

ಡಬ್ಲಿನ್‌ನಿಂದ ವಾಯವ್ಯಕ್ಕೆ ಮುಕ್ಕಾಲು ಗಂಟೆಯ ದಾರಿ. ಊರು ಚಿಕ್ಕದು, ಕೋಟೆ ದೊಡ್ಡದು. ಆವರಣವನ್ನು ನಾವೇ ಸುತ್ತಬಹುದು. ಆದರೆ ಕೀಪ್ ಅಂತ ಕರೆಯುವ ನಡುಗೋಪುರದ ಒಳಗೆ ಹೋಗಬೇಕಾದರೆ ಅಲ್ಲಿನವರೇ ಸಣ್ಣ ಗುಂಪು ಮಾಡಿ ಕರೆದೊಯ್ಯುತ್ತಾರೆ. ಗೋಪುರದ ನಕ್ಷೆ ನೋಡಿದರೆ ನಮ್ಮ ದೇವಸ್ಥಾನಗಳ ನಕ್ಷತ್ರಾಕಾರದ ತಳ ನೆನಪಾಗುತ್ತದೆ. ನಡುವೆ ದೊಡ್ಡ ಚೌಕ, ಪ್ರತಿ ಬದಿಗೆ ಅಂಟಿಕೊಂಡಂತೆ ಒಂದೊಂದು ಸಣ್ಣ ಚೌಕ, ಒಟ್ಟು 20 ಮೂಲೆ. ನಾಲ್ಕು ಬದಿಗೋಪುರಗಳಲ್ಲಿ ಈಗ ಉಳಿದಿರುವುದು ಮೂರು. ರಕ್ಷಣೆಯ ದೃಷ್ಟಿಯಲ್ಲಿ ಇದು ಜಾಣ ವಿನ್ಯಾಸವೇನೂ ಅಲ್ಲ. ಮೂಲೆ ಹೆಚ್ಚಾದಷ್ಟೂ ಶತ್ರು ಬಂದು ಮೀಟುವ ಜಾಗ ಹೆಚ್ಚು. ನೋಡಿದವರು ಬೆರಗಾಗಲಿ ಅಂತ ಕಟ್ಟಿದ್ದು ಅನ್ನಿಸಿತು.

ಇದರ ಕಥೆಯನ್ನು ಬರಹದ ಆಧಾರಗಳು ಹೀಗೆ ಹೇಳುತ್ತವೆ. 1172ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ ಮೀತ್ ಪ್ರಾಂತ್ಯವನ್ನು ಹ್ಯೂ ಡಿ ಲೇಸಿ ಎಂಬ ಸರದಾರನಿಗೆ ಕೊಟ್ಟ. ಅವನು ಟ್ರಿಮ್‌ನಲ್ಲಿ ಕಂದಕ ತೋಡಿಸಿ, ಮರದ ಬೇಲಿ ಹಾಕಿಸಿ ಮೊದಲ ಕೋಟೆ ಮಾಡಿಸಿದ. ಐರಿಷ್ ಮಹಾರಾಜ ರೋರಿ ಓಕಾನರ್ ದಂಡೆತ್ತಿ ಬಂದಾಗ ಅದು ಸುಟ್ಟುಹೋಯಿತು. ಈ ಸಂಗತಿ ಹಳೆಯ ಫ್ರೆಂಚಿನಲ್ಲಿರುವ ಒಂದು ಉದ್ದನೆಯ ಕಥನಕಾವ್ಯದಲ್ಲಿ ಬರುತ್ತದೆ. ಆಮೇಲೆ ಕಲ್ಲಿನ ಕೋಟೆ ಎದ್ದಿತು. 1186ರಲ್ಲಿ ಡರೋ ಎಂಬಲ್ಲಿ ಇನ್ನೊಂದು ಕೋಟೆಯ ಕೆಲಸ ನೋಡುತ್ತಿದ್ದಾಗ ಐರಿಷ್ ಆಳೊಬ್ಬ ಕೊಡಲಿಯಿಂದ ಹೊಡೆದು ಹ್ಯೂನನ್ನು ಕೊಂದ. ಮಗ ವಾಲ್ಟರ್ ಇನ್ನೂ ಚಿಕ್ಕವನು. ಸೀಮೆ ರಾಜಮನೆತನದ ಹಿಡಿತಕ್ಕೆ ಹೋಗಿ, ವಾಲ್ಟರನಿಗೆ ಮರಳಿ ಸಿಕ್ಕಿದ್ದು 1194ರಲ್ಲಿ.

ಸರಿ, ಹಾಗಾದರೆ ಈಗ ಕಾಣುವ ಕಲ್ಲಿನ ಗೋಪುರ ಯಾವಾಗಿನದು? ಇಲ್ಲಿ ಶಾಸನ ಕೈಕೊಟ್ಟಿತು. ಟ್ರಿಮ್ ಕೋಟೆ ಕಟ್ಟಿದ್ದು 1220ರಲ್ಲಿ ಅಂತ ವರ್ಷವಾರು ವೃತ್ತಾಂತವೊಂದರಲ್ಲಿ ಒಂದು ಸಾಲು ಇತ್ತು. ಅದನ್ನೇ ಹಿಡಿದು ಬಹುಕಾಲ ವಿದ್ವಾಂಸರು ಗೋಪುರವನ್ನು 1220ರ ಆಸುಪಾಸಿನದು ಅಂತ ಬರೆದರು. ಬೇರೆ ಆಧಾರ ಇಲ್ಲದಾಗ ಸಿಕ್ಕ ಸಾಲನ್ನು ನಂಬುವುದು ತಪ್ಪಲ್ಲ. ನಾವೂ ಅದನ್ನೇ ಮಾಡುತ್ತೇವೆ. ಇಟಗಿಯ ಮಹಾದೇವ ದೇವಾಲಯಕ್ಕೆ 1112, ಬೇಲೂರಿಗೆ 1117 ಅಂತ ನಾವು ಧೈರ್ಯವಾಗಿ ಹೇಳೋದು ಅಲ್ಲಿ ಶಾಸನ ಇರೋದರಿಂದ.

ಗೋಡೆಯ ತೂತುಗಳು

ಗೋಪುರದ ಗೋಡೆಯನ್ನು ಸ್ವಲ್ಪ ದೂರದಿಂದ ನೋಡಿದರೆ ಸಾಲು ಸಾಲಾಗಿ ಸಣ್ಣ ಚೌಕ ತೂತುಗಳು ಕಾಣುತ್ತವೆ. ಗುಂಪಿನಲ್ಲಿದ್ದವರೊಬ್ಬರು "ಇವು ಬಾಣ ಬಿಡೋಕಾ?" ಅಂತ ಕೇಳಿದರು. ಅಲ್ಲ. ಕಟ್ಟಡದ ಕೆಲಸ ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ, ಇವು ಸಾರುವೆ ತೂತುಗಳು. ನಮ್ಮಲ್ಲಿ ಸರ್ವೆ ಕಂಬ, ನೀಲಗಿರಿ ಕಂಬ ನಿಲ್ಲಿಸಿ ಹಗ್ಗದಲ್ಲಿ ಅಡ್ಡಮರ ಬಿಗಿದು ಸಾರುವೆ ಕಟ್ಟುತ್ತಾರಲ್ಲ, ಅದೇ ಕೆಲಸ. ಅಡ್ಡಮರದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಗೋಡೆಯೊಳಕ್ಕೆ. ಗೋಡೆ ಆಳೆತ್ತರಕ್ಕೆ ಬಂದಾಗ ಒಂದು ಸಾಲು ಅಡ್ಡಮರ ಇಡಬೇಕು, ಮೇಲೆ ಹಲಗೆ ಹಾಸಬೇಕು, ಅದರ ಮೇಲೆ ನಿಂತು ಮುಂದಿನ ಆಳೆತ್ತರ ಕಟ್ಟಬೇಕು. ಕೆಲಸ ಮುಗಿದ ಮೇಲೆ ಮರವನ್ನು ಎಳೆದುಕೊಳ್ಳುತ್ತಾರೆ. ಗಾರೆ ಕಚ್ಚಿಕೊಂಡು ಬರಲೊಲ್ಲದಿದ್ದರೆ ಹೊರಗಿನ ಭಾಗ ಕತ್ತರಿಸಿ, ಒಳಗಿನ ತುಂಡನ್ನು ಹಾಗೇ ಬಿಟ್ಟುಬಿಡುತ್ತಾರೆ.

ಟ್ರಿಮ್‌ನಲ್ಲಿ ಅಂಥ ತುಂಡುಗಳು 800 ವರ್ಷ ಗೋಡೆಯೊಳಗೇ ಉಳಿದಿದ್ದವು. 1993ರಲ್ಲಿ ಐರಿಷ್ ಸರ್ಕಾರ ಕೋಟೆಯನ್ನು ಕೊಂಡುಕೊಂಡು, ಸಂರಕ್ಷಣೆಯ ಕೆಲಸ ಮಾಡಿಸಿ, 2000ದಲ್ಲಿ ಜನರಿಗೆ ತೆರೆಯಿತು. ಈ ತುಂಡುಗಳ ಪರೀಕ್ಷೆಯ ಫಲಿತಾಂಶ ಬಂದಿದ್ದು ಆ ನಡುವಿನ ವರ್ಷಗಳಲ್ಲಿ.

ಓಕ್ ಮರ ವರ್ಷಕ್ಕೆ ಒಂದು ಉಂಗುರ ಬೆಳೆಯುತ್ತದೆ. ಹವೆ ಚೆನ್ನಾಗಿದ್ದ ವರ್ಷ ಅಗಲ, ಕೆಟ್ಟಿದ್ದ ವರ್ಷ ಸಣ್ಣ. ಒಂದೇ ಸೀಮೆಯ ಮರಗಳೆಲ್ಲ ಒಂದೇ ಮಳೆ, ಒಂದೇ ಚಳಿ ಕಂಡಿರುವುದರಿಂದ ಅಗಲ-ಸಣ್ಣದರ ಈ ಸರಣಿ ಎಲ್ಲ ಮರಗಳಲ್ಲೂ ಹೆಚ್ಚುಕಡಿಮೆ ಒಂದೇ ತರ ಇರುತ್ತೆ. ಈಗ ಬದುಕಿರುವ ಮರದಿಂದ ಶುರುಮಾಡಿ, ಅದರ ಹಳೆಯ ಉಂಗುರಗಳನ್ನು ಹಳೆಯ ಮನೆಗಳ ತೊಲೆಯ ಉಂಗುರಗಳ ಜೊತೆ, ತೊಲೆಯದನ್ನು ಜೌಗುನೆಲದಲ್ಲಿ ಹೂತುಹೋದ ಇನ್ನೂ ಹಳೆಯ ಮರದ ಜೊತೆ ಹೊಂದಿಸುತ್ತ ಹಿಂದಕ್ಕೆ ಹೋಗಬಹುದು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದವರು ಹೀಗೆ 7 ಸಾವಿರಕ್ಕೂ ಹೆಚ್ಚು ವರ್ಷಗಳ ಓಕ್ ಸರಣಿ ಕಟ್ಟಿಟ್ಟಿದ್ದಾರೆ. ಹೊಸ ತುಂಡು ಸಿಕ್ಕರೆ ಆ ಸರಣಿಯಲ್ಲಿ ಅದು ಎಲ್ಲಿ ಕೂರುತ್ತದೆ ಅಂತ ಹುಡುಕಿದರೆ ಸಾಕು. ಒಡೆದ ಶಾಸನದ ಚೂರೊಂದನ್ನು ಅದೇ ರಾಜನ ಪೂರ್ಣ ಪ್ರಶಸ್ತಿಯ ಪಕ್ಕದಲ್ಲಿಟ್ಟು, ಈ ಆರು ಅಕ್ಷರ ಯಾವ ಸಾಲಿನದು ಅಂತ ಗುರುತಿಸುತ್ತೇವಲ್ಲ, ಕೆಲಸದ ಸ್ವಭಾವ ಅದೇ.

ಮರದ ತೊಗಟೆಯೂ ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತೆ. ತೊಗಟೆ ಹೋಗಿದ್ದು, ಅದರ ಕೆಳಗಿನ ಬಿಳಿ ಮರ ಸ್ವಲ್ಪ ಉಳಿದಿದ್ದರೆ ಅಂದಾಜು ಮಾಡಬೇಕು. ಐರಿಷ್ ಓಕ್‌ನಲ್ಲಿ ಬಿಳಿ ಮರದ ಉಂಗುರಗಳು ಸರಾಸರಿ 32, ಹೆಚ್ಚುಕಡಿಮೆ 9. ಬರೀ ಒಳಗಿನ ಚೇಗು ಉಳಿದಿದ್ದರೆ "ಈ ವರ್ಷದ ನಂತರ" ಅನ್ನಬಹುದೇ ಹೊರತು ಎಷ್ಟು ನಂತರ ಅಂತ ಹೇಳಲಾಗುವುದಿಲ್ಲ. ಕೊನೆಯ ಸಾಲುಗಳು ಸವೆದ ಶಾಸನದಲ್ಲಿ ನಾವು ಚೌಕಾವರಣ ಹಾಕಿ ಎಚ್ಚರದಿಂದ ತುಂಬುವ ಹಾಗೆ, ಇವರೂ ಹೆಚ್ಚುಕಡಿಮೆ ಸಂಖ್ಯೆಯನ್ನು ಪಕ್ಕದಲ್ಲೇ ಬರೆದಿಡುತ್ತಾರೆ.

ಬಂದ ಫಲಿತಾಂಶ ಹೀಗಿತ್ತು: ಗೋಪುರದ ಕೆಳಗಿನ, ಮೊದಲ ಹಂತದ ಮರ ಸುಮಾರು 1175ರದು. ಎರಡನೇ ಹಂತ ಸುಮಾರು 1195. ಮೂರನೇ ಹಂತ 1203ರ ಆಸುಪಾಸು. ಅಂದರೆ 1220ಕ್ಕೆ ಹದಿನೈದು ವರ್ಷ ಮೊದಲೇ ಗೋಪುರದ ಕೆಲಸ ಬಹುಪಾಲು ಮುಗಿದಿತ್ತು. ಮೊದಲ ಕಲ್ಲುಗೋಡೆ ಎದ್ದಿದ್ದು ಮರದ ಕೋಟೆ ಸುಟ್ಟ ಬೆನ್ನಿಗೇ.

ಈಗ ಈ ಮೂರು ಸಂಖ್ಯೆಗಳನ್ನು ಮೇಲೆ ಹೇಳಿದ ಕಥೆಯ ಪಕ್ಕ ಇಟ್ಟು ನೋಡಿ. 1175ರ ಕೆಲಸ ಹ್ಯೂನದು. ನಂತರ ಸುಮಾರು 20 ವರ್ಷ ಖಾಲಿ. ಅದರೊಳಗೆ 1186ರ ಕೊಲೆ ಇದೆ, ವಾರಸುದಾರ ಕಾಯುತ್ತ ಕೂತ ಎಂಟು ವರ್ಷ ಇದೆ. 1194ರಲ್ಲಿ ವಾಲ್ಟರನಿಗೆ ಸೀಮೆ ವಾಪಸ್ಸು ಸಿಕ್ಕಿತು, 1195ರ ಹೊತ್ತಿಗೆ ಮತ್ತೆ ಸಾರುವೆ ಎದ್ದಿತು. ಯಾವ ವೃತ್ತಾಂತಕಾರನೂ "ಕೆಲಸ ನಿಂತಿತು" ಅಂತ ಬರೆದಿಡಲಿಲ್ಲ. ಗೋಡೆಯೊಳಗೆ ಉಳಿದ ಮರ ಮಾತ್ರ ಅದನ್ನು ಹೇಳಿತು. ಗೋಪುರದ ಒಳಗೆ ನಿಂತು ತಲೆಯೆತ್ತಿದರೆ ಹಳೆಯ ಛಾವಣಿ ಗೋಡೆಗೆ ಕೂತಿದ್ದ ಓರೆ ಗುರುತು ಕಾಣುತ್ತದೆ. ಅದರ ಮೇಲೂ ಗೋಡೆ ಎದ್ದಿದೆ. ಒಂದು ಕಾಲಕ್ಕೆ ಕಟ್ಟಡ ಅಷ್ಟಕ್ಕೇ ಮುಗಿದಿತ್ತು ಅನ್ನೋದಕ್ಕೆ ಅದೂ ಒಂದು ಸಾಕ್ಷಿ.

1220ರ ಸಾಲು ಸುಳ್ಳೇ?

ಸುಳ್ಳು ಅನ್ನಬೇಕಾಗಿಲ್ಲ. "ಕೋಟೆ ಕಟ್ಟಿದರು" ಅನ್ನೋ ಮಾತು ಎಷ್ಟು ಸಡಿಲ ಅಂತ ಯೋಚಿಸಿ. ಆ ವರ್ಷ ಯಾವುದೋ ಒಂದು ಭಾಗದ ಕೆಲಸ ಆಗಿರಬಹುದು, ದುರಸ್ತಿ ಆಗಿರಬಹುದು. ನಮ್ಮ ಶಾಸನಗಳಲ್ಲಿ "ಮಾಡಿಸಿದ" ಅಂತ ಬಂದರೆ ಅದು ಅಡಿಪಾಯದಿಂದ ಕಳಶದವರೆಗಿನ ಕೆಲಸವೋ, ಜೀರ್ಣೋದ್ಧಾರವೋ, ಮುಂದೆ ಒಂದು ಮಂಟಪ ಸೇರಿಸಿದ್ದೋ ಅನ್ನೋ ಪ್ರಶ್ನೆ ಎಷ್ಟು ಸಲ ಎದ್ದಿಲ್ಲ! ದಾನಶಾಸನದ ತೇದಿ ದಾನದ ತೇದಿ. ದೇವಸ್ಥಾನ ಅದಕ್ಕಿಂತ ಮುಂಚೆಯೇ ಇದ್ದಿರಬಹುದು. ಬರಹ ತನಗೆ ಬೇಕಾದ ಸಂಗತಿಯನ್ನು ಹೇಳುತ್ತದೆ. ನಮಗೆ ಬೇಕಾದ ಸಂಗತಿಯನ್ನು ಹೇಳಬೇಕು ಅನ್ನೋ ಹಂಗು ಅದಕ್ಕಿಲ್ಲ.

ಮರಕ್ಕೂ ಮಿತಿ ಇದೆ ಅನ್ನೋದನ್ನು ಮರೆಯಬಾರದು. ಹಳೆಯ ಕಟ್ಟಡದಿಂದ ಕಿತ್ತ ಮರವನ್ನು ಹೊಸದಕ್ಕೆ ಬಳಸಿದ್ದರೆ ತೇದಿ ಹಿಂದಕ್ಕೆ ಜಾರುತ್ತದೆ. ಶಾಸನದ ಕಲ್ಲನ್ನೇ ಮಗುಚಿ ಮೆಟ್ಟಿಲು ಮಾಡಿದ, ಕೋಟೆಗೋಡೆಗೆ ಸೇರಿಸಿದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ಶಾಸನದ ಕಾಲವೇ ಗೋಡೆಯ ಕಾಲ ಅಂದರೆ ನಗುತ್ತಾರೆ. ಗೋಡೆ ಅದಕ್ಕಿಂತ ಹಳೆಯದಲ್ಲ ಅಂತ ಮಾತ್ರ ಹೇಳಬಹುದು. ಹಾಗಾಗಿಯೇ ಒಂದು ತುಂಡನ್ನು ನೆಚ್ಚದೆ, ಬೇರೆ ಬೇರೆ ಎತ್ತರದ ತುಂಡುಗಳು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಹೊಸದಾಗುತ್ತ ಹೋಗುತ್ತವೆಯಾ ಅಂತ ನೋಡಬೇಕು. ಟ್ರಿಮ್‌ನಲ್ಲಿ ಹೋಗುತ್ತವೆ. ಜೊತೆಗೆ ಸಾರುವೆಗೆ ಯಾರೂ ಒಳ್ಳೆಯ ಮರವನ್ನು ವರ್ಷಗಟ್ಟಲೆ ಒಣಗಿಸಿಡುವುದಿಲ್ಲ. ಕಡಿದ ಹಸಿಮರವನ್ನೇ ತಂದು ಕಟ್ಟುತ್ತಾರೆ. ಕಾಲನಿರ್ಣಯಕ್ಕೆ ಅದೇ ಅನುಕೂಲ.

ಬರಹವೂ ನೆಲವೂ ಕೈಜೋಡಿಸಿದ ಒಂದು ಪ್ರಸಂಗವೂ ಇಲ್ಲಿದೆ. 1465ರಲ್ಲಿ ಟ್ರಿಮ್‌ನಲ್ಲಿ ಸೇರಿದ ಪಾರ್ಲಿಮೆಂಟು ಒಂದು ಕಾನೂನು ಮಾಡಿತು: ಕಳ್ಳತನಕ್ಕೆ ಹೊರಟವರ, ಕದ್ದವರ ತಲೆ ಕಡಿದು ಟ್ರಿಮ್ ಕೋಟೆಗೆ ಒಪ್ಪಿಸಬಹುದು, ಅಲ್ಲಿ ಅದನ್ನು ಚುಚ್ಚಿ ನಿಲ್ಲಿಸಬೇಕು. 1970ರ ದಶಕದ ಆರಂಭದಲ್ಲಿ ಡೇವಿಡ್ ಸ್ವೀಟ್‌ಮನ್ ಇಲ್ಲಿ ಉತ್ಖನನ ಮಾಡಿದಾಗ ತಲೆಯಿಲ್ಲದ 10 ಅಸ್ಥಿಪಂಜರಗಳು ಸಿಕ್ಕವು. ಆ ಕಾನೂನಿಗೆ ಬಲಿಯಾದವರು ಇವರೇ ಇರಬೇಕು ಅಂತ ಅಭಿಪ್ರಾಯ. ಕಾನೂನಿನ ಪ್ರತಿಯಲ್ಲಿ ಪಾರ್ಲಿಮೆಂಟಿನ ಗತ್ತು ಕಾಣುತ್ತದೆ. ಆ ಹತ್ತು ಜನರ ಹೆಸರು ಎಲ್ಲಿಯೂ ಇಲ್ಲ.

ಹೆಸರಿನ ಹಂಬಲ

ಐರ್ಲೆಂಡಿನವರಿಗೆ ಕಲ್ಲಿನಲ್ಲಿ ಬರೆಯುವುದು ಗೊತ್ತಿರಲಿಲ್ಲ ಅಂತಲ್ಲ. ಕೋಟೆಗಳಿಗಿಂತ ಆರೇಳು ನೂರು ವರ್ಷ ಮೊದಲೇ ಅವರು ಓಗಮ್ ಲಿಪಿಯಲ್ಲಿ ಬರೆಯುತ್ತಿದ್ದರು. ಕಲ್ಲಿನ ಅಂಚನ್ನೇ ಗೆರೆ ಮಾಡಿಕೊಂಡು ಅದರ ಎಡಕ್ಕೆ, ಬಲಕ್ಕೆ, ಅಡ್ಡಕ್ಕೆ ಗೀರು ಹಾಕುವ ಲಿಪಿ ಅದು. ಹೆಚ್ಚಿನವು "ಇಂಥವನ ಮಗ ಇಂಥವನ" ಅನ್ನುವಷ್ಟೇ ಚಿಕ್ಕವು. ಕೋಟೆಗಳ ಕಾಲದ ಕೊನೆಗೆ ಲ್ಯಾಟಿನ್ ಬರಹವೂ ಸಿಗುತ್ತದೆ. ಗಾಲ್ವೇ ಕೌಂಟಿಯ ಡೆರಿಹಿವೆನಿ ಎಂಬ ಸಣ್ಣ ಗೋಪುರಮನೆಯ ಮೇಲೆ, ಕಟ್ಟಿಸಿದ ಓಮ್ಯಾಡನ್ ಮನೆತನದವನ ಹೆಸರಿನ ಮೊದಲಕ್ಷರಗಳ ಜೊತೆ "ಮೀ ಫಿಯೆರಿ ಫೆಸಿಟ್" ಅಂತಲೂ 1643 ಅಂತಲೂ ಕೊರೆದಿದೆ. "ನನ್ನನ್ನು ಮಾಡಿಸಿದನು" ಅಂತ ಕಲ್ಲೇ ಹೇಳುವ ಧಾಟಿ. ಆ ಸಣ್ಣ ಕಟ್ಟಡಕ್ಕೆ ತೇದಿ ಇದೆ, ದೇಶದಲ್ಲೇ ದೊಡ್ಡದಾದ ಟ್ರಿಮ್‌ಗೆ ಇಲ್ಲ!

ಮಧ್ಯಾಹ್ನ ಗೈಡ್ ಇನ್ನೆರಡು ಕಡೆ ಕರೆದೊಯ್ದರು. ಊರೊಳಗೆ ವೆಲ್ಲಿಂಗ್ಟನ್‌ಗೆ ಇನ್ನೊಂದು ಕಂಬ ಇದೆ, 1817ರದು. ಮೀತ್ ಜನರು ಚಂದಾ ಎತ್ತಿ ನಿಲ್ಲಿಸಿದ್ದು. ಊರಾಚೆ ನದಿಯ ಪಕ್ಕ ನ್ಯೂಟೌನ್ ಎಂಬಲ್ಲಿ ಪಾಳುಬಿದ್ದ ಇಗರ್ಜಿಯ ಹತ್ತಿರ 16ನೇ ಶತಮಾನದ ಒಂದು ಗೋರಿ. ಸರ್ ಲೂಕಸ್ ಡಿಲನ್, ಹೆಂಡತಿ ಜೇನ್ ಬಾತ್ ಇಬ್ಬರ ಮಲಗಿದ ಮೂರ್ತಿಗಳು, ನಡುವೆ ಒಂದು ಕತ್ತಿ. ಜನ ಅದನ್ನು ಹೊಟ್ಟೆಕಿಚ್ಚಿನ ಗಂಡ-ಹೆಂಡತಿ ಅಂತ ಕರೆಯುತ್ತಾರೆ. ಮೈಮೇಲಿನ ನರಹುಲಿಗೆ ಗುಂಡುಸೂಜಿ ಉಜ್ಜಿ ಇಲ್ಲಿಟ್ಟರೆ, ಸೂಜಿ ತುಕ್ಕು ಹಿಡಿದಂತೆ ನರಹುಲಿ ಹೋಗುತ್ತೆ ಅನ್ನೋ ನಂಬಿಕೆ. ಮೂರ್ತಿಗಳ ಸಂದಿನಲ್ಲಿ ಸೂಜಿಗಳ ರಾಶಿ ನೋಡಿದೆ. ನಮ್ಮ ವೀರಗಲ್ಲು, ಮಾಸ್ತಿಗಲ್ಲುಗಳಿಗೆ ಅರಿಶಿನ-ಕುಂಕುಮ ಹಚ್ಚಿ ಊರಿನವರು ಬೇರೆಯೇ ಹೆಸರಿಟ್ಟು ಪೂಜಿಸುವ ಹಾಗೆ. ಹೆಸರು ಕೊರೆಸಿದವನು ತನ್ನನ್ನು ಹೇಗೆ ಓದಬೇಕು ಅಂತ ಮುಂದಿನವರಿಗೆ ಅಪ್ಪಣೆ ಕೊಡಲಾರ.

ಒಂದೇ ದಿನದಲ್ಲಿ ಮೂರು ಬಗೆಯ ಸಾಕ್ಷಿ ನೋಡಿದಂತಾಯಿತು. ಫೀನಿಕ್ಸ್ ಪಾರ್ಕಿನ ಕಂಚು, ನಾವು ನಂಬಲಿ ಅಂತಲೇ ಬರೆದದ್ದು. ವೃತ್ತಾಂತದ 1220ರ ಸಾಲು, ನಿಜವಿದ್ದರೂ ಅರ್ಧ ಹೇಳಿದ್ದು. ಗೋಡೆಯೊಳಗಿನ ಮರ, ಏನನ್ನೂ ಹೇಳುವ ಉದ್ದೇಶವೇ ಇಲ್ಲದೆ ಉಳಿದದ್ದು. ಅಡ್ಡಮರವನ್ನು ಎಳೆಯಲಾಗದೆ ಕತ್ತರಿಸಿ ಬಿಟ್ಟ ಆ ಕೂಲಿಯಾಳಿಗೆ ಓದುಬರಹ ಬರುತ್ತಿತ್ತೋ ಇಲ್ಲವೋ. ಅವನು ಬಿಟ್ಟುಹೋದದ್ದನ್ನು ಓದಿ ವಿದ್ವಾಂಸರು ಇಸವಿ ತಿದ್ದಿಕೊಂಡರು.

ಕೊನೆಯದಾಗಿ ನಮ್ಮ ಕಡೆಗೆ ಒಂದು ಮಾತು. ಉಷ್ಣವಲಯದ ಬಹಳಷ್ಟು ಮರಗಳು ವರ್ಷಕ್ಕೊಂದು ಸ್ಪಷ್ಟ ಉಂಗುರ ಬಿಡುವುದಿಲ್ಲ, ಹಾಗಾಗಿ ಬೆಲ್‌ಫಾಸ್ಟಿನ ಲೆಕ್ಕವನ್ನು ಇಲ್ಲಿಗೆ ಸೀದಾ ತರಲಾಗದು. ಆದರೆ ತೇಗ ಬಿಡುತ್ತದೆ, ಅದರ ಉಂಗುರಗಳಿಂದ ಹಳೆಯ ಮಳೆಗಾಲಗಳನ್ನು ಅಭ್ಯಾಸ ಮಾಡುವ ಕೆಲಸ ನಮ್ಮ ದೇಶದಲ್ಲೂ ನಡೆದಿದೆ. ನಮ್ಮ ಕೋಟೆ, ಅರಮನೆ, ಹಳೆಯ ಮನೆಗಳ ದುರಸ್ತಿಯಲ್ಲಿ ಮೊದಲು ಆಗುವ ಕೆಲಸ ಏನು? ತೂತು ಕಂಡರೆ ಸಿಮೆಂಟು ತುರುಕುವುದು, ಗೆದ್ದಲು ಹಿಡಿದ ಹಳೆಯ ತೊಲೆ ಕಿತ್ತು ಸೌದೆಗೆ ಹಾಕುವುದು. ಅಕ್ಷರ ಇರುವ ಕಲ್ಲು ಸಿಕ್ಕರೆ ಈಗ ಯಾರಾದರೂ ಫೋನ್ ಮಾಡುತ್ತಾರೆ, ಅಷ್ಟರ ಮಟ್ಟಿಗೆ ಜಾಗೃತಿ ಬಂದಿದೆ. ಮರದ ತುಂಡಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ನಿಮ್ಮೂರಿನ ಹಳೆಯ ಗೋಡೆಯ ರಿಪೇರಿ ನಡೆಯುತ್ತಿದ್ದರೆ ಒಮ್ಮೆ ಹೋಗಿ ನಿಂತು ನೋಡಿ. ತೂತು ಮುಚ್ಚುವ ಮೊದಲು ಒಳಗೆ ಏನಿದೆ ಅಂತ ಟಾರ್ಚ್ ಹಾಕಿ, ಅಳತೆಕೋಲು ಇಟ್ಟು ಫೋಟೋ ತೆಗೆಯಿರಿ, ನೆಲದಿಂದ ಎಷ್ಟು ಎತ್ತರ ಅಂತ ಬರೆದಿಡಿ. ಮರ ಕಂಡರೆ ನೀವೇ ಕೀಳಬೇಡಿ, ಕೀಳಲೂ ಬಿಡಬೇಡಿ, ಪುರಾತತ್ವ ತಿಳಿದವರಿಗೆ ಸುದ್ದಿ ಮುಟ್ಟಿಸಿ. ಕಿತ್ತೇ ಹಾಕಿದ್ದಾರೆ ಅಂದರೆ, ಯಾವ ತೂತಿನದು ಅಂತ ಚೀಟಿ ಅಂಟಿಸಿ ಒಣಜಾಗದಲ್ಲಿ ಎತ್ತಿಡಿ.